ಆರು ಪಾಲಿನವರಿಗೆ ಹತ್ತೂ ಮುಡಿ

ದಕ್ಷಿಣ ಕನ್ನಡ ‘ಭದ್ರಕೋಟೆ’. ಚುನಾವಣೆ ಬಂತೆಂದರೆ ಈ ಮಾತು ಎಲ್ಲರ ಬಾಯಲ್ಲೂ. ಗೆದ್ದವರು ಎದೆಯುಬ್ಬಿಸಿ ಹೇಳುತ್ತಾರೆ, ಸೋತವರು ನಿಟ್ಟುಸಿರು ಬಿಟ್ಟು ಒಪ್ಪಿಕೊಳ್ಳುತ್ತಾರೆ, ಟಿ.ವಿ.ಯವರು ಬಣ್ಣ ಬಳಿದ ನಕ್ಷೆ ತೋರಿಸಿ ಮುಂದಿನ ಜಿಲ್ಲೆಗೆ ಹೋಗುತ್ತಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹೋಟೆಲುಗಳಲ್ಲಿ ಚಾ ಕುಡಿಯುತ್ತ ಕೂತವರೂ ಇದನ್ನೇ ಹೇಳುತ್ತಾರೆ. ಯಾರೂ ಪ್ರಶ್ನಿಸುವುದಿಲ್ಲ. ನಾನು ಹುಟ್ಟಿ ಬೆಳೆದದ್ದು ಬಂಟ್ವಾಳ ತಾಲೂಕಿನಲ್ಲಿ. ಹೈಸ್ಕೂಲು ಮಾಷ್ಟ್ರಾಗಿದ್ದ ವರ್ಷಗಳಲ್ಲಿ ಈ ಸುತ್ತಿನ ಎಷ್ಟೋ ಮತಗಟ್ಟೆಗಳಲ್ಲಿ ಚುನಾವಣಾ ಡ್ಯೂಟಿ ಮಾಡಿದ್ದೇನೆ. ಮತಗಟ್ಟೆಯ ಒಳಗೆ ಕೂತು ಬೆಳಗ್ಗಿನಿಂದ ಸಂಜೆಯ ತನಕ ಜನರ ಮುಖ ನೋಡಿದ ನನಗೆ ಈ ಮಾತನ್ನು ಕೇಳಿಸಿಕೊಂಡು ಸುಮ್ಮನಿರಲು ಆಗುವುದಿಲ್ಲ. ಕೋಟೆ ಇರುವುದು ಇಲ್ಲಿನ ಜನರ ಮನಸ್ಸಿನಲ್ಲಲ್ಲ, ಮತ ಎಣಿಸುವ ಕ್ರಮದಲ್ಲಿ.

2024ರ ಜೂನ್ 4ರಂದು ಎಣಿಕೆ ಮುಗಿದಾಗ ಬಿಜೆಪಿಯ ಬ್ರಿಜೇಶ್ ಚೌಟರಿಗೆ 7,64,132 ಮತ ಬಿದ್ದಿತ್ತು. ಕಾಂಗ್ರೆಸ್ಸಿನ ಪದ್ಮರಾಜ್ ಆರ್. ಪೂಜಾರಿಯವರಿಗೆ 6,14,924. ಚೌಟರು ಇರುವ ಕಾನೂನಿನ ಪ್ರಕಾರ ನ್ಯಾಯವಾಗಿಯೇ ಗೆದ್ದರು. ಅವರ ಗೆಲುವಿನ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಆ ಕಾನೂನಿನ ಮೇಲೆ. ಆರು ಲಕ್ಷದ ಹದಿನಾಲ್ಕು ಸಾವಿರ ಮಂದಿ ಏಪ್ರಿಲ್ ತಿಂಗಳ ಬಿಸಿಲಲ್ಲಿ ಸಾಲು ನಿಂತು ಹಾಕಿದ ಮತ ಇಂದು ಸಂಸತ್ತಿನಲ್ಲಿ ಎಲ್ಲಿದೆ? ಎಣಿಕೆ ಕೇಂದ್ರದ ಕಾಗದದಲ್ಲಿ ಒಂದು ಸಾಲಾಗಿ ಉಳಿದುಕೊಂಡಿದೆ, ಅಷ್ಟೇ. ಐದು ವರ್ಷ ಆ ಮತಕ್ಕೆ ಬಾಯಿಲ್ಲ.

ನಮ್ಮ ಕಡೆ ಕುಟುಂಬದ ಆಸ್ತಿ ಪಾಲಾಗುವುದನ್ನು ನೋಡಿದವರಿಗೆ ನಾನು ಹೇಳುವುದು ತಕ್ಷಣ ಅರ್ಥವಾದೀತು. ಹಿರಿಯರು ಚಾವಡಿಯಲ್ಲಿ ಕೂರುತ್ತಾರೆ. ಒಂದು ಕವರಿಗೆ, ಅಂದರೆ ಕುಟುಂಬದ ಒಂದು ಕವಲಿಗೆ, ಆರು ಪಾಲು, ಇನ್ನೊಂದು ಕವರಿಗೆ ನಾಲ್ಕು ಪಾಲು ಎಂದು ತೀರ್ಮಾನವಾದರೆ, ಹತ್ತು ಮುಡಿ ಅಕ್ಕಿಯಲ್ಲಿ ಆರು ಮುಡಿ ಅತ್ತ ಹೋಗುತ್ತದೆ, ನಾಲ್ಕು ಮುಡಿ ಇತ್ತ ಬರುತ್ತದೆ. ಆರು ಪಾಲಿನವರು ಹೆಚ್ಚು ಜನ, ಆದ್ದರಿಂದ ಹತ್ತೂ ಮುಡಿ ಅವರಿಗೇ ಇರಲಿ ಎಂದು ಯಾವ ಹಿರಿಯನಾದರೂ ಹೇಳಿದರೆ ಆ ಮನೆಯಲ್ಲಿ ಏನಾದೀತು? ಅಂಥ ಪಾಲುಪಟ್ಟಿಗೆ ಯಾರು ಸಹಿ ಹಾಕಿಯಾರು? ಮನೆಯ ಅಕ್ಕಿಯ ವಿಷಯದಲ್ಲಿ ಒಂದು ದಿನವೂ ಒಪ್ಪದ ಅನ್ಯಾಯವನ್ನು ದೇಶದ ಅಧಿಕಾರದ ವಿಷಯದಲ್ಲಿ ಎಪ್ಪತ್ತು ವರ್ಷಗಳಿಂದ ಒಪ್ಪಿಕೊಂಡು ಬಂದಿದ್ದೇವೆ.

ಆರು, ನಾಲ್ಕು ಎಂಬುದು ನಾನು ಬಾಯಿಗೆ ಬಂದಂತೆ ಹೇಳಿದ ಲೆಕ್ಕವಲ್ಲ. ಕರಾವಳಿಯ ಮೂರು ಲೋಕಸಭಾ ಕ್ಷೇತ್ರಗಳನ್ನು ಒಟ್ಟಿಗೆ ನೋಡಿ: ದಕ್ಷಿಣ ಕನ್ನಡ, ಉಡುಪಿ-ಚಿಕ್ಕಮಗಳೂರು, ಉತ್ತರ ಕನ್ನಡ. 2024ರಲ್ಲಿ ಮೂರರಲ್ಲೂ ಸೇರಿ ಬಿಜೆಪಿಗೆ ಬಿದ್ದ ಮತ ಸುಮಾರು 22.8 ಲಕ್ಷ, ಕಾಂಗ್ರೆಸ್ಸಿಗೆ ಸುಮಾರು 15.3 ಲಕ್ಷ. ಈ ಎರಡು ಪಕ್ಷಗಳ ನಡುವೆ ಹತ್ತಕ್ಕೆ ಆರು ಪಾಲು ಒಬ್ಬರಿಗೆ, ನಾಲ್ಕು ಪಾಲು ಇನ್ನೊಬ್ಬರಿಗೆ. ಸ್ಥಾನಗಳು ಹಂಚಿಕೆಯಾದದ್ದು ಹೇಗೆ? ಮೂರಕ್ಕೆ ಮೂರೂ ಒಬ್ಬರಿಗೆ. ಹದಿನೈದು ಲಕ್ಷಕ್ಕೂ ಮಿಕ್ಕಿದ ಮತಕ್ಕೆ ಸೊನ್ನೆ.

ಇನ್ನು ನಮ್ಮ ಮೂರು ವಿಧಾನಸಭಾ ಕ್ಷೇತ್ರಗಳಿಗೆ ಬರೋಣ. 2013ರಲ್ಲಿ ಬಂಟ್ವಾಳದಲ್ಲಿ ರಮಾನಾಥ ರೈ, ಬೆಳ್ತಂಗಡಿಯಲ್ಲಿ ವಸಂತ ಬಂಗೇರ, ಮೂಡುಬಿದಿರೆಯಲ್ಲಿ ಅಭಯಚಂದ್ರ ಜೈನ್. ಮೂವರೂ ಕಾಂಗ್ರೆಸ್ಸಿನವರು. ಬಿಜೆಪಿಗೆ ಬಿದ್ದ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಮತಕ್ಕೆ ಒಬ್ಬ ಶಾಸಕನೂ ಇಲ್ಲ. 2018ರಲ್ಲಿ ಎಲ್ಲ ತಿರುಗಿ ಬಿತ್ತು: ರಾಜೇಶ್ ನಾಯ್ಕ್, ಹರೀಶ್ ಪೂಂಜ, ಉಮಾನಾಥ ಕೋಟ್ಯಾನ್. ಮೂವರೂ ಬಿಜೆಪಿಯವರು. 2023ರಲ್ಲಿ ಆ ಮೂವರೇ ಮತ್ತೆ ಗೆದ್ದರು. ಅವರಿಗೆ ಬಿದ್ದದ್ದು ಸುಮಾರು 2.8 ಲಕ್ಷ ಮತ, ಸೋತ ಕಾಂಗ್ರೆಸ್ ಅಭ್ಯರ್ಥಿಗಳಿಗೆ ಬಿದ್ದದ್ದು ಸುಮಾರು 2.3 ಲಕ್ಷ. ಬಂಟ್ವಾಳವೊಂದರಲ್ಲೇ ಸೋತ ಕಡೆ 85 ಸಾವಿರ ಮತವಿತ್ತು, ಗೆದ್ದ ಕಡೆ 93 ಸಾವಿರ. ಇಡೀ ಜಿಲ್ಲೆಯ ಚಿತ್ರವೂ ಹೀಗೆಯೇ. 2013ರಲ್ಲಿ ಎಂಟು ಸ್ಥಾನಗಳಲ್ಲಿ ಏಳು ಕಾಂಗ್ರೆಸ್ಸಿಗೆ, 2018ರಲ್ಲಿ ಎಂಟರಲ್ಲಿ ಏಳು ಬಿಜೆಪಿಗೆ.

ಐದೇ ವರ್ಷದಲ್ಲಿ ಒಂದು ಜಿಲ್ಲೆಯ ಜನ ಇಷ್ಟು ಬದಲಾದರೇ? ಅದೇ ಮನೆ, ಅದೇ ತೋಟ, ಅದೇ ಬೀಡಿ ಬ್ರಾಂಚು, ಅದೇ ಜಾತ್ರೆ, ಅದೇ ಉರೂಸು. ನೂರರಲ್ಲಿ ಕೆಲವೇ ಮಂದಿ ಆಚೆಯಿಂದ ಈಚೆಗೆ ಬಂದರು. ಅಷ್ಟಕ್ಕೇ ಎಣಿಕೆಯ ಕ್ರಮ ಜಿಲ್ಲೆಯನ್ನೇ ಅಡಿಮೇಲು ಮಾಡಿ ತೋರಿಸಿತು. 2013ರಲ್ಲಿ ಕಾಂಗ್ರೆಸ್ಸಿನ ಕೋಟೆ, 2018ರಲ್ಲಿ ಬಿಜೆಪಿಯ ಕೋಟೆ. ಎರಡೂ ಸಲ ಕೋಟೆಯ ಒಳಗೆ ಲಕ್ಷಗಟ್ಟಲೆ ಜನ ಪ್ರತಿನಿಧಿಯಿಲ್ಲದೆ ಕೂತಿದ್ದರು.

ಪಕ್ಕದ ಪುತ್ತೂರಿನಲ್ಲಿ 2023ರಲ್ಲಿ ಆದದ್ದನ್ನು ಯಾರೂ ಮರೆತಿರಲಾರರು. ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ 66,607 ಮತ ಪಡೆದು ಗೆದ್ದರು. ಬಿಜೆಪಿಯೊಂದಿಗೆ ಮುನಿಸಿಕೊಂಡು ಪಕ್ಷೇತರರಾಗಿ ನಿಂತ ಅರುಣ್ ಕುಮಾರ್ ಪುತ್ತಿಲರಿಗೆ 62,458, ಬಿಜೆಪಿಯ ಆಶಾ ತಿಮ್ಮಪ್ಪರಿಗೆ 37,558. ಒಂದೇ ವಿಚಾರದ ಕಡೆ ನಿಂತ ಒಂದು ಲಕ್ಷ ಮತ ಎರಡು ಹೋಳಾಯಿತು. ಹತ್ತಕ್ಕೆ ನಾಲ್ಕು ಪಾಲೂ ಇಲ್ಲದ ಕಡೆಗೆ ಸ್ಥಾನ ಹೋಯಿತು. ಮತದಾರರು ತಪ್ಪು ಮಾಡಿದರೇ? ಒಬ್ಬ ಅಭ್ಯರ್ಥಿಯ ಹೆಸರಿನ ಮುಂದೆ 1, ಇನ್ನೊಬ್ಬರ ಮುಂದೆ 2 ಎಂದು ಬರೆಯುವ ಅವಕಾಶವಿದ್ದಿದ್ದರೆ ಪುತ್ತೂರಿನ ಜನ ತಮ್ಮ ಮನಸ್ಸನ್ನು ಸ್ಪಷ್ಟವಾಗಿ ಹೇಳುತ್ತಿದ್ದರು. ಒಂದೇ ಗುಂಡಿ ಒತ್ತಿಸುವ ಕ್ರಮ ಅವರ ಬಾಯಿ ಕಟ್ಟಿಹಾಕಿತು. ಆ ದಿನ ನೋವು ಪಟ್ಟವರು ಬಿಜೆಪಿಯ ಕಾರ್ಯಕರ್ತರು. ಅವರ ನೋವು ನಿಜವಾದದ್ದು. ಆದರೆ ಬಂಟ್ವಾಳದಲ್ಲಿ 85 ಸಾವಿರ ಮತ ಹಾಕಿಯೂ ಬರಿಗೈಯಲ್ಲಿ ಕೂತವರ ನೋವೂ ಅದೇ ನೋವು ಎಂಬುದನ್ನು ಅವರು ಕಾಣಬೇಕು.

ರಾಜ್ಯದ ಲೆಕ್ಕ ಇನ್ನೂ ವಿಪರೀತ. 2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಬಿಜೆಪಿಗೆ ಶೇ. 46ರಷ್ಟು ಮತ, ಕಾಂಗ್ರೆಸ್ಸಿಗೆ ಶೇ. 45ಕ್ಕೂ ಹೆಚ್ಚು. ನೂರಕ್ಕೆ ಒಂದು ಮತದ ಅಂತರವೂ ಇಲ್ಲ. ಸ್ಥಾನಗಳು? ಬಿಜೆಪಿಗೆ 17, ಕಾಂಗ್ರೆಸ್ಸಿಗೆ 9. ಆರು ವರ್ಷ ಮೊದಲು, 2018ರ ವಿಧಾನಸಭಾ ಚುನಾವಣೆಯಲ್ಲಿ, ಹೆಚ್ಚು ಮತ ಪಡೆದ ಕಾಂಗ್ರೆಸ್ಸಿಗೆ ಕಡಿಮೆ ಸ್ಥಾನ, ಕಡಿಮೆ ಮತ ಪಡೆದ ಬಿಜೆಪಿಗೆ 104 ಸ್ಥಾನ. ಕಡಿಮೆ ಮತದವರು ಮುಂದೆ, ಹೆಚ್ಚು ಮತದವರು ಹಿಂದೆ ಎಂದು ಬರುವ ಲೆಕ್ಕವನ್ನು ನನ್ನ ಶಾಲೆಯ ಎಂಟನೇ ತರಗತಿಯ ಹುಡುಗ ಮಾಡಿ ತಂದಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಹಾಕಿ ವಾಪಸು ಕೊಡುತ್ತಿದ್ದೆ. ದೇಶ ನಡೆಸುವ ಲೆಕ್ಕವನ್ನು ಯಾಕೆ ಒಪ್ಪಬೇಕು?

ಈ ಮಾತು ಒಂದು ಪಕ್ಷದ ಪರವಾಗಿ ಹೇಳಿದ್ದೆಂದು ತಿಳಿಯುವವರು ಚರಿತ್ರೆಯನ್ನು ನೋಡಲಿ. 1977ರಿಂದ ಸತತ ನಾಲ್ಕು ಚುನಾವಣೆಗಳಲ್ಲಿ ಮಂಗಳೂರು ಕ್ಷೇತ್ರದಿಂದ ಕಾಂಗ್ರೆಸ್ಸಿನ ಜನಾರ್ದನ ಪೂಜಾರಿ ಲೋಕಸಭೆಗೆ ಹೋದರು. ಆ ಹದಿನಾಲ್ಕು ವರ್ಷ ಬೇರೆ ವಿಚಾರದವರಿಗೆ ಇಲ್ಲಿಂದ ದೆಹಲಿಯಲ್ಲಿ ಯಾರೂ ಇರಲಿಲ್ಲ. 1984ರಲ್ಲಿ ದೇಶದಾದ್ಯಂತ ನೂರಕ್ಕೆ ಏಳಕ್ಕೂ ಹೆಚ್ಚು ಮತ ಪಡೆದ ಬಿಜೆಪಿಗೆ ಸಿಕ್ಕಿದ್ದು ಎರಡೇ ಸ್ಥಾನ. ಅರ್ಧಕ್ಕಿಂತ ಕಡಿಮೆ ಮತ ಪಡೆದ ಕಾಂಗ್ರೆಸ್ಸಿಗೆ ನಾಲ್ಕು ನೂರಕ್ಕೂ ಹೆಚ್ಚು. ಅಂದು ಅನ್ಯಾಯವಾದದ್ದು ಬಿಜೆಪಿಯ ಮತದಾರನಿಗೆ. 1991ರಲ್ಲಿ ಧನಂಜಯ ಕುಮಾರ್ ಗೆದ್ದ ನಂತರ ಈ ಕ್ಷೇತ್ರದಲ್ಲಿ ಅನ್ಯಾಯ ಹೆಗಲು ಬದಲಿಸಿತು, ಕೆಳಗೆ ಇಳಿಯಲಿಲ್ಲ. ಧನಂಜಯ ಕುಮಾರ್, ಸದಾನಂದ ಗೌಡ, ನಳಿನ್ ಕುಮಾರ್ ಕಟೀಲ್, ಈಗ ಚೌಟ. ಮೂರು ದಶಕ ಮೀರಿತು. ಈ ಅವಧಿಯಲ್ಲಿ ಹುಟ್ಟಿ, ಬೆಳೆದು, ಮದುವೆಯಾಗಿ, ಮಕ್ಕಳನ್ನು ಶಾಲೆಗೆ ಕಳುಹಿಸುತ್ತಿರುವ ಮತದಾರರಿದ್ದಾರೆ. ತಾವು ಹಾಕಿದ ಮತದಿಂದ ಒಬ್ಬನೇ ಒಬ್ಬ ಸಂಸದನನ್ನೂ ಅವರು ಕಂಡಿಲ್ಲ.

ಹೀಗೆ ಒಂದು ಪೀಳಿಗೆಯೇ ಕಾದು ಸೋತರೆ ಜನರಲ್ಲಿ ಏನು ಉಳಿಯುತ್ತದೆ? 2024ರ ಏಪ್ರಿಲ್ 26ರ ಬೆಳಗ್ಗೆ ಮತ ಹಾಕಲು ಹೊರಟಾಗ ನೆರೆಮನೆಯ ಹಿರಿಯರೊಬ್ಬರು ಅಂಗಳದಲ್ಲಿ ಅಡಿಕೆ ಹರಡುತ್ತಿದ್ದರು. ಬನ್ನಿ, ಒಟ್ಟಿಗೆ ಹೋಗುವ ಎಂದೆ. ಅವರು ಬಗ್ಗಿದಲ್ಲಿಂದ ತಲೆಯೆತ್ತಲಿಲ್ಲ. “ನನ್ನ ಓಟು ಹಾಕಿ ಎಂತ ಆಗ್ಲಿಕ್ಕುಂಟು ಮಾಷ್ಟ್ರೇ? ಇಲ್ಲಿ ಯಾರು ಗೆಲ್ಲುವುದಂತ ಎಲ್ಲರಿಗೂ ಗೊತ್ತುಂಟಲ್ಲ” ಎಂದರು. ಎಪ್ಪತ್ತೈದು ದಾಟಿದ ಆ ಮನುಷ್ಯ ಭೂಸುಧಾರಣೆಯ ಕಾಲದಲ್ಲಿ ಗೇಣಿದಾರರಾಗಿ ಡಿಕ್ಲರೇಶನ್ ಕೊಟ್ಟು ಉಳುತ್ತಿದ್ದ ಭೂಮಿಯನ್ನು ತನ್ನದಾಗಿಸಿಕೊಂಡವರು. ಮತದ ಬೆಲೆ ಏನೆಂದು ಅವರಿಗೆ ನಾನು ಪಾಠ ಮಾಡಬೇಕಾಗಿಲ್ಲ. ಅವರ ಮಾತಿಗೆ ಅಂದು ನನ್ನ ಬಳಿ ಉತ್ತರವಿರಲಿಲ್ಲ. ಇಂಥ ಮತದಾರನ ಕೈಯಿಂದ ಉತ್ಸಾಹವನ್ನು ಕಿತ್ತುಕೊಂಡ ವ್ಯವಸ್ಥೆಯನ್ನು ಪ್ರಜಾಪ್ರಭುತ್ವದ ಹೆಮ್ಮೆ ಎಂದು ಹೇಗೆ ಕರೆಯಲಿ?

ಅದೇ ಚುನಾವಣೆಯಲ್ಲಿ ನಮ್ಮ ಕ್ಷೇತ್ರದಲ್ಲಿ 23 ಸಾವಿರಕ್ಕೂ ಮಿಕ್ಕಿ ಜನ ನೋಟಾ ಒತ್ತಿದರು. ಬೆಳ್ತಂಗಡಿ ತಾಲೂಕಿನ ಒಬ್ಬ ವಿದ್ಯಾರ್ಥಿನಿಯ ಕೊಲೆಗೆ ನ್ಯಾಯ ಸಿಕ್ಕಿಲ್ಲವೆಂದು ವರ್ಷಗಳಿಂದ ಹೋರಾಡುತ್ತಿರುವವರು ಕೊಟ್ಟ ಕರೆ ಅದರ ಹಿಂದಿತ್ತು. ನೋಟಾಕ್ಕೆ ಕಾನೂನಿನಲ್ಲಿ ಯಾವ ಬಲವೂ ಇಲ್ಲ, ಅದು ಯಾರನ್ನೂ ಸೋಲಿಸುವುದಿಲ್ಲ, ಯಾರನ್ನೂ ಗೆಲ್ಲಿಸುವುದಿಲ್ಲ. ಇದು ಗೊತ್ತಿದ್ದೂ ಇಷ್ಟು ಜನ ಅದನ್ನೇ ಒತ್ತಿದರು. ತಮ್ಮ ಮಾತು ಹೇಳಲು ಈ ವ್ಯವಸ್ಥೆ ಅವರಿಗೆ ಬೇರೆ ಯಾವ ಬಾಗಿಲನ್ನು ತೆರೆದಿಟ್ಟಿತ್ತು?

ಕೋಟೆಯ ಒಳಗಿರುವ ಗೆದ್ದ ಕಡೆಯವರಿಗಾದರೂ ಲಾಭವಾಯಿತೇ? ಅದೂ ಇಲ್ಲ. ಗೆಲ್ಲುವುದು ಖಚಿತವಾದ ಕ್ಷೇತ್ರದಲ್ಲಿ ಅಭ್ಯರ್ಥಿ ಯಾರೆಂದು ತೀರ್ಮಾನಿಸುವುದು ದೆಹಲಿ. ಮತದಾರ ಅದರ ಮೇಲೆ ಮುದ್ರೆ ಒತ್ತುತ್ತಾನೆ. ಸೋಲುವುದು ಖಚಿತವಾದ ಪಕ್ಷ ಮನಸ್ಸಿಟ್ಟು ಕೆಲಸ ಮಾಡುವುದಿಲ್ಲ. ಒಂದೇ ಸ್ಥಾನ, ಒಬ್ಬನೇ ವಿಜೇತ ಎಂದಾದ ಮೇಲೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನರನ್ನು ಒಂದು ಕಡೆ ಕಟ್ಟಿ ನಿಲ್ಲಿಸಿದರೆ ಕೆಲಸ ಮುಗಿಯಿತು. ಉಳಿದವರ ಮನೆಯ ಮೆಟ್ಟಿಲು ಹತ್ತುವ ಅಗತ್ಯವೇ ಇಲ್ಲ. ಜನರನ್ನು ಕಟ್ಟಿ ನಿಲ್ಲಿಸುವ ಅತಿ ಸುಲಭದ ಹಗ್ಗ ಯಾವುದೆಂದು ಕರಾವಳಿಯವರಿಗೆ ಹೇಳಿಕೊಡಬೇಕೇ? ಧರ್ಮದ ಹೆಸರು, ಜಾತಿಯ ಹೆಸರು, ಆಚೆ ಬೀದಿಯವರ ಭಯ. ನಮ್ಮ ಊರುಗಳಲ್ಲಿ ಕಳೆದ ದಶಕಗಳಲ್ಲಿ ಹರಿದ ರಕ್ತಕ್ಕೆ ಚುನಾವಣಾ ಕ್ರಮವೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ದ್ವೇಷಕ್ಕೆ ಬಹುಮಾನ ಕೊಡುವ, ಎರಡೂ ಕಡೆಯವರೊಂದಿಗೆ ಮಾತಾಡುವವನನ್ನು ಸೋಲಿಸುವ ಕ್ರಮ ಇದು. ಈ ಆರೋಪವನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ.

ಮೊದಲ ಮಹಾಚುನಾವಣೆಯಲ್ಲಿ ಗೆದ್ದ ಬಿ. ಶಿವರಾವ್‌ರಿಂದ ಹಿಡಿದು ಚೌಟರ ತನಕ, ಮಂಗಳೂರು ಭಾಗದಿಂದ ಲೋಕಸಭೆಗೆ ಒಬ್ಬ ಮಹಿಳೆಯೂ ಹೋಗಿಲ್ಲ ಎಂಬುದನ್ನೂ ಗಮನಿಸಿ. ಬೀಡಿ ಸುತ್ತಿ, ಗೇರುಬೀಜ ಒಡೆದು, ಮೀನು ಮಾರಿ, ಬ್ಯಾಂಕು-ಆಸ್ಪತ್ರೆ-ಶಾಲೆಗಳಲ್ಲಿ ದುಡಿದು ಈ ಜಿಲ್ಲೆಯನ್ನು ನಡೆಸುತ್ತಿರುವುದು ಹೆಂಗಸರು. ಒಂದೇ ಟಿಕೆಟ್ ಇರುವಲ್ಲಿ ಪಕ್ಷಗಳು ‘ಗೆಲ್ಲುವ ಗಂಡಸನ್ನು’ ಹುಡುಕುತ್ತವೆ. ಒಂದೇ ಕ್ಷೇತ್ರಕ್ಕೆ ಮೂರು ಹೆಸರುಗಳ ಪಟ್ಟಿ ಕೊಡಬೇಕಾದಲ್ಲಿ ಮೂವರೂ ಗಂಡಸರೇ, ಮೂವರೂ ಒಂದೇ ಜಾತಿಯವರೇ ಎಂದು ಕೊಡಲು ಯಾವ ಪಕ್ಷಕ್ಕೂ ಧೈರ್ಯ ಬಾರದು.

ಬೇರೆ ದಾರಿ ಇದೆಯೇ? ಇದೆ, ಮತ್ತು ಅದು ಹೊಸದೂ ಅಲ್ಲ. ಯುರೋಪಿನ 27 ದೇಶಗಳು ಸೇರಿ ಒಂದು ಸಂಸತ್ತನ್ನು ಚುನಾಯಿಸುತ್ತವೆ. 2024ರಲ್ಲಿ ಅಲ್ಲಿಗೆ 720 ಸದಸ್ಯರು ಆಯ್ಕೆಯಾದರು. ಅಲ್ಲಿನ ಕಾನೂನು ಎಲ್ಲ ದೇಶಗಳಿಗೂ ಒಂದು ಷರತ್ತು ಹಾಕಿದೆ: ಚುನಾವಣೆ ಹೇಗೇ ನಡೆಸಿ, ಪ್ರಮಾಣಾನುಗುಣ ಪ್ರಾತಿನಿಧ್ಯ ಇರಲೇಬೇಕು. ಅಂದರೆ ಮತದ ಪಾಲಿಗೆ ತಕ್ಕ ಸ್ಥಾನ. ನಮಗೆ ಈಗಿನ ಎಣಿಕೆಯ ಕ್ರಮವನ್ನು ಬಿಟ್ಟುಹೋದ ಬ್ರಿಟನ್ನಿನ ಕಥೆಯನ್ನೇ ಕೇಳಿ. ಯುರೋಪಿನ ಸಂಸತ್ತಿಗೆ 1994ರ ತನಕ ಅವರೂ ಗೆದ್ದವನಿಗೇ ಎಲ್ಲ ಎಂಬ ಹಳೆಯ ಕ್ರಮದಲ್ಲೇ ಸದಸ್ಯರನ್ನು ಕಳುಹಿಸುತ್ತಿದ್ದರು. 1989ರಲ್ಲಿ ಅಲ್ಲಿನ ಹಸಿರು ಪಕ್ಷಕ್ಕೆ ನೂರಕ್ಕೆ ಸುಮಾರು 15 ಮತ ಬಿದ್ದರೂ ಒಂದು ಸ್ಥಾನವೂ ಸಿಗಲಿಲ್ಲ. 1999ರಲ್ಲಿ ಆ ಕ್ರಮವನ್ನು ಬಿಟ್ಟು ದೊಡ್ಡ ಪ್ರಾಂತಗಳನ್ನು ಮಾಡಿ ಪಾಲಿನ ಲೆಕ್ಕಕ್ಕೆ ಬಂದರು. ಬ್ರಿಟನ್ ಯುರೋಪಿನ ಒಕ್ಕೂಟದಲ್ಲಿದ್ದ ಕೊನೆಯ ವರ್ಷಗಳಲ್ಲಿ ಈಶಾನ್ಯ ಇಂಗ್ಲೆಂಡ್ ಎಂಬ ಪ್ರಾಂತಕ್ಕೆ, ನಮ್ಮ ಕರಾವಳಿಯ ಹಾಗೆ, ಮೂರು ಸ್ಥಾನವಿತ್ತು. 2014ರಲ್ಲಿ ಲೇಬರ್ ಪಕ್ಷಕ್ಕೆ ಎರಡು, ಅದರ ಕಟ್ಟಾ ವಿರೋಧಿಗಳಿಗೆ ಒಂದು. 2019ರಲ್ಲಿ ಗಾಳಿ ತಿರುಗಿತು. ಬ್ರೆಕ್ಸಿಟ್ ಪಕ್ಷಕ್ಕೆ ಎರಡು, ಲೇಬರ್‌ಗೆ ಒಂದು. ಗಾಳಿ ತಿರುಗಿದ್ದು ಕಾಣಿಸಿತು, ಆದರೆ ಸೋತವರು ಮಾಯವಾಗಲಿಲ್ಲ.

ಅಲ್ಲಿ ಬಳಸಿದ ಲೆಕ್ಕವನ್ನು ಹತ್ತೊಂಬತ್ತನೇ ಶತಮಾನದಲ್ಲಿ ರೂಪಿಸಿದವರು ಬೆಲ್ಜಿಯಂನ ವಿಕ್ಟರ್ ಡಾಂಟ್. ಪ್ರತಿ ಪಕ್ಷದ ಮತವನ್ನು ಒಂದರಿಂದ, ಎರಡರಿಂದ, ಮೂರರಿಂದ ಭಾಗಿಸಬೇಕು. ಬಂದ ಸಂಖ್ಯೆಗಳಲ್ಲಿ ದೊಡ್ಡವನ್ನು ಸ್ಥಾನಗಳಿದ್ದಷ್ಟು ಆರಿಸಬೇಕು. ಮೂರು ಕ್ಷೇತ್ರಗಳನ್ನು ಒಂದಾಗಿಸಿ ಈ ಲೆಕ್ಕವನ್ನು ನಮ್ಮ ಕರಾವಳಿಗೆ ಹಾಕಿ ನೋಡಿ. ಬಿಜೆಪಿಯ ಸಂಖ್ಯೆಗಳು 22.8 ಲಕ್ಷ, 11.4 ಲಕ್ಷ, 7.6 ಲಕ್ಷ. ಕಾಂಗ್ರೆಸ್ಸಿನದು 15.3 ಲಕ್ಷ, 7.65 ಲಕ್ಷ. ಮೊದಲ ಮೂರು ದೊಡ್ಡ ಸಂಖ್ಯೆಗಳು 22.8, 15.3, 11.4. ಬಿಜೆಪಿಗೆ ಎರಡು, ಕಾಂಗ್ರೆಸ್ಸಿಗೆ ಒಂದು. ಹೆಚ್ಚು ಮತದವರಿಗೆ ಹೆಚ್ಚು, ಕಡಿಮೆ ಮತದವರಿಗೆ ಕಡಿಮೆ. ಚಾವಡಿಯಲ್ಲಿ ಕೂತ ಹಿರಿಯರು ಮಾಡುವ ಪಾಲೂ ಇದೇ ಅಲ್ಲವೇ?

ಇಷ್ಟು ಹೇಳಿದ ಕೂಡಲೇ ಬರುವ ಮೊದಲ ಆಕ್ಷೇಪ ನನಗೆ ಗೊತ್ತು: ಇದೆಲ್ಲ ಓದಿದವರ ದೇಶಕ್ಕೆ ಸರಿ, ನಮ್ಮ ಹಳ್ಳಿಯವರಿಗೆ ಅರ್ಥವಾಗದು. 1949ರ ಜನವರಿಯಲ್ಲಿ ಸಂವಿಧಾನ ಸಭೆಯಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಪ್ರಮಾಣಾನುಗುಣ ಪ್ರಾತಿನಿಧ್ಯಕ್ಕಾಗಿ ತಿದ್ದುಪಡಿ ತಂದಾಗ ಡಾ. ಅಂಬೇಡ್ಕರ್ ಅದನ್ನು ಒಪ್ಪದಿರಲು ಕೊಟ್ಟ ಒಂದು ಕಾರಣ ಅಕ್ಷರಜ್ಞಾನದ ಕೊರತೆ. ಅಂದಿಗೆ ಆ ಕಾರಣ ಸರಿಯಾಗಿತ್ತು. 1951ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇ. 18ರಷ್ಟು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88ಕ್ಕೂ ಹೆಚ್ಚು. ಅಂಬೇಡ್ಕರರು ಹೇಳಿದ ಕಾರಣ ಹೋಯಿತು; ಆ ಕಾರಣಕ್ಕೆ ತಡೆಹಿಡಿದ ನ್ಯಾಯ ಮಾತ್ರ ಇನ್ನೂ ಬಂದಿಲ್ಲ. ಶ್ರೀಲಂಕಾದ ಜನ ದಶಕಗಳಿಂದ ಪಾಲಿನ ಲೆಕ್ಕದಲ್ಲಿ ಸಂಸತ್ತನ್ನು ಆರಿಸುತ್ತಿದ್ದಾರೆ, ಅಭ್ಯರ್ಥಿಗಳಿಗೆ ಪ್ರಾಶಸ್ತ್ಯವನ್ನೂ ಗುರುತಿಸುತ್ತಾರೆ. ನೇಪಾಳದ ಪ್ರತಿನಿಧಿ ಸಭೆಯ 275 ಸ್ಥಾನಗಳಲ್ಲಿ 110 ತುಂಬುವುದು ಪಾಲಿನ ಲೆಕ್ಕದಲ್ಲಿ. ನೇಪಾಳದ ಗುಡ್ಡದ ರೈತನಿಗೆ ಅರ್ಥವಾದದ್ದು ವೇಣೂರಿನ ರೈತನಿಗೆ ಅರ್ಥವಾಗದೇ?

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಗ್ರಾಮ ಪಂಚಾಯತ್ ಚುನಾವಣೆಯಲ್ಲಿ ಒಂದೇ ವಾರ್ಡಿನಿಂದ ಎರಡು, ಮೂರು, ನಾಲ್ಕು ಸದಸ್ಯರು ಆರಿಸಿ ಬರುತ್ತಾರೆ. ವ್ಯವಸಾಯ ಸೇವಾ ಸಹಕಾರಿ ಸಂಘದ ನಿರ್ದೇಶಕರ ಚುನಾವಣೆಯಲ್ಲಿ ಅಡಿಕೆ ಬೆಳೆಗಾರ ಹತ್ತಾರು ಹೆಸರುಗಳ ನಡುವೆ ತನಗೆ ಬೇಕಾದವರಿಗೆಲ್ಲ ಗುರುತು ಹಾಕಿ ಬರುತ್ತಾನೆ. ಒಂದು ಕ್ಷೇತ್ರ, ಹಲವು ಪ್ರತಿನಿಧಿಗಳು ಎಂಬುದು ನಮ್ಮ ಜನರಿಗೆ ಊಟ ಮಾಡಿದಷ್ಟು ಪರಿಚಿತ.

ಪ್ರಾಶಸ್ತ್ಯ ಮತವನ್ನೂ ನನ್ನ ಕಣ್ಣೆದುರೇ ಅವರು ಹಾಕಿದ್ದಾರೆ. 2021ರ ಡಿಸೆಂಬರ್ 10. ದಕ್ಷಿಣ ಕನ್ನಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಇಬ್ಬರನ್ನು ಆರಿಸುವ ಚುನಾವಣೆ. ನಿವೃತ್ತಿಗೆ ಮೊದಲು ನಾನು ಮಾಡಿದ ಕೊನೆಯ ಡ್ಯೂಟಿ ಅದು, ಬೆಳ್ತಂಗಡಿ ತಾಲೂಕಿನ ಒಂದು ಪಂಚಾಯತ್ ಕಚೇರಿಯಲ್ಲಿ. ಮತದಾರರು ಪಂಚಾಯತ್ ಸದಸ್ಯರು ಮಾತ್ರ, ಇಡೀ ದಿನಕ್ಕೆ ಮೂವತ್ತು ಮಂದಿಯೂ ಇರಲಿಲ್ಲ. ಗುಂಡಿ ಒತ್ತುವ ಯಂತ್ರವಿಲ್ಲ. ಮತಪತ್ರ, ಅದರೊಂದಿಗೆ ಆಯೋಗ ಕೊಟ್ಟ ನೇರಳೆ ಬಣ್ಣದ ಸ್ಕೆಚ್ ಪೆನ್. ಹನ್ನೊಂದು ಗಂಟೆಯ ಹೊತ್ತಿಗೆ ಒಬ್ಬ ಸದಸ್ಯೆ ಬಂದರು. ಬೀಡಿ ಸುತ್ತುವವರು. ಸಹಿ ಹಾಕಲು ಬಗ್ಗಿದಾಗ ಕೈಯಿಂದ ಹೊಗೆಸೊಪ್ಪಿನ ವಾಸನೆ ಬಂತು, ತೋರುಬೆರಳಿನ ಉಗುರಿನ ಅಂಚು ಹಳದಿಯಾಗಿತ್ತು. “ಒಂದು ಮಾತ್ರ ಬರೆದ್ರೂ ಆಗ್ತದಾ ಸರ್, ಎರಡೂ ಬರೀಬೇಕಾ?” ಎಂದು ಕೇಳಿದರು. ಒಂದು ಕಡ್ಡಾಯ, ಎರಡು ನಿಮ್ಮ ಇಷ್ಟ ಎಂದೆ. ತಲೆಯಾಡಿಸಿ ಒಳಗೆ ಹೋದರು, ಅರ್ಧ ನಿಮಿಷದಲ್ಲಿ ಮತಪತ್ರ ಮಡಚಿ ಪೆಟ್ಟಿಗೆಗೆ ಹಾಕಿದರು, ಪೆನ್ನಿಗೆ ಮುಚ್ಚಳ ಹಾಕಿ ನನ್ನ ಮೇಜಿನ ಮೇಲಿಟ್ಟು ಹೋದರು. ಅರ್ಥವಾಗದು ಎನ್ನುವವರು ಆ ಅರ್ಧ ನಿಮಿಷವನ್ನು ನೋಡಬೇಕಿತ್ತು.

ಆ ಚುನಾವಣೆಯ ಫಲಿತಾಂಶ ಏನಾಯಿತು? ಬಿಜೆಪಿಯ ಕೋಟ ಶ್ರೀನಿವಾಸ ಪೂಜಾರಿಯವರಿಗೆ 3,672 ಮತ, ಕಾಂಗ್ರೆಸ್ಸಿನ ಮಂಜುನಾಥ ಭಂಡಾರಿಯವರಿಗೆ 2,079. ಗೆಲ್ಲಲು ಬೇಕಾದದ್ದು ಸಿಂಧುವಾದ ಮತಗಳ ಮೂರನೇ ಒಂದು ಭಾಗಕ್ಕಿಂತ ಒಂದು ಹೆಚ್ಚು. ಇಬ್ಬರೂ ಗೆದ್ದರು, ಎರಡು ಪಕ್ಷಕ್ಕೂ ಒಂದೊಂದು ಸ್ಥಾನ. ಇದೇ ಮಣ್ಣು, ಇದೇ ಪಕ್ಷಗಳು, ಇದೇ ‘ಭದ್ರಕೋಟೆ’. ಎಣಿಸುವ ಕ್ರಮ ಬದಲಾದ ಕೂಡಲೇ ಕೋಟೆ ಇಲ್ಲವಾಯಿತು. ರಾಷ್ಟ್ರಪತಿ ಚುನಾವಣೆಯಲ್ಲಿ, ರಾಜ್ಯಸಭೆಯಲ್ಲಿ, ವಿಧಾನ ಪರಿಷತ್ತಿನಲ್ಲಿ ಪ್ರಾಶಸ್ತ್ಯ ಮತ. ನೈಋತ್ಯ ಶಿಕ್ಷಕರ ಕ್ಷೇತ್ರದ ಮತದಾರನಾಗಿ ನಾನೂ ಅಂಕೆ ಬರೆದು ಮತ ಹಾಕಿದ್ದೇನೆ. ಸಂಸದರಿಗೆ, ಶಾಸಕರಿಗೆ, ಪಂಚಾಯತ್ ಸದಸ್ಯರಿಗೆ, ಮಾಷ್ಟ್ರಿಗೆ ಕೊಟ್ಟ ಹಕ್ಕು ಸಾಮಾನ್ಯ ಮತದಾರನಿಗೆ ಯಾಕಿಲ್ಲ? ಆ ಸದಸ್ಯೆ ಡಿಸೆಂಬರಿನಲ್ಲಿ ಜಾಣೆ, ಏಪ್ರಿಲ್ಲಿನಲ್ಲಿ ಅಜ್ಞಾನಿ ಆಗುತ್ತಾರೆಯೇ?

ಎರಡನೇ ಆಕ್ಷೇಪ, ಸರಕಾರ ಸ್ಥಿರವಾಗಿರದು ಎಂಬುದು. ಈಗಿನ ಕ್ರಮ ಕರ್ನಾಟಕಕ್ಕೆ ಯಾವ ಸ್ಥಿರತೆ ಕೊಟ್ಟಿದೆ? 2018ರಲ್ಲಿ ಯಡಿಯೂರಪ್ಪ ಮೂರು ದಿನ ಮುಖ್ಯಮಂತ್ರಿ. ನಂತರ ಕುಮಾರಸ್ವಾಮಿ ಹದಿನಾಲ್ಕು ತಿಂಗಳು. ಶಾಸಕರು ಸಾಲುಸಾಲಾಗಿ ರಾಜೀನಾಮೆ ಕೊಟ್ಟರು, ಸರಕಾರ ಬಿತ್ತು. ಮತ್ತೆ ಯಡಿಯೂರಪ್ಪ, ಆಮೇಲೆ ಬೊಮ್ಮಾಯಿ. ಒಂದೇ ವಿಧಾನಸಭೆಯ ಅವಧಿಯಲ್ಲಿ ನಾಲ್ಕು ಸಲ ಪ್ರಮಾಣವಚನ. ನಾಲ್ಕಾರು ಸ್ಥಾನ ಅತ್ತಿತ್ತ ಮಾಡಿದರೆ ಸರಕಾರವೇ ಕೈಗೆ ಬರುತ್ತದೆ ಎಂಬ ಆಸೆಯಿಂದಲೇ ಶಾಸಕರನ್ನು ರೆಸಾರ್ಟಿನಲ್ಲಿ ಕೂಡಿಹಾಕುವ ಕಾಲ ಬಂತು.

ಮೂರನೇ ಆಕ್ಷೇಪ, ಸಣ್ಣ ಉಗ್ರ ಪಕ್ಷಗಳು ಒಳಗೆ ನುಗ್ಗುತ್ತವೆ ಎಂಬುದು. ಮೂರು ಸ್ಥಾನದ ಕ್ಷೇತ್ರದಲ್ಲಿ ಒಂದು ಸ್ಥಾನವನ್ನು ಖಚಿತ ಮಾಡಿಕೊಳ್ಳಲು ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಮತ ಬೇಕು. 2021ರ ಪರಿಷತ್ ಚುನಾವಣೆಯಲ್ಲಿ ಎಸ್‌ಡಿಪಿಐಗೆ ಬಿದ್ದದ್ದು 204 ಮತ; ಅದು ಹತ್ತಿರವೂ ಬರಲಿಲ್ಲ. ನಾಲ್ಕನೇ ಒಂದು ಭಾಗ ಜನ ಒಂದು ವಿಚಾರವನ್ನು ಒಪ್ಪಿದರೆ ಅವರು ಸದನದ ಒಳಗೆ ಬಂದು ಎಲ್ಲರೆದುರು ಮಾತಾಡುವುದೇ ಒಳ್ಳೆಯದು.

ನಾಲ್ಕನೆಯದು, ‘ನಮ್ಮ ಎಂ.ಪಿ.’ ಎಂಬ ಸಂಬಂಧ ಕಡಿದುಹೋಗುತ್ತದೆ ಎಂಬುದು. ಬಿ.ಸಿ. ರೋಡಿನಿಂದ ಅಡ್ಡಹೊಳೆಯ ತನಕದ ಹೆದ್ದಾರಿ ಅಗಲೀಕರಣ ವರ್ಷಗಟ್ಟಲೆ ಎಳೆಯಿತು; ಧೂಳು ಕುಡಿದು, ಕೆಸರಲ್ಲಿ ಜಾರಿ ಓಡಾಡಿದವರು ಯಾರ ಬಾಗಿಲಿಗೆ ಹೋಗಬೇಕಿತ್ತು? ಒಂದೇ ಬಾಗಿಲು. ಅದು ತೆರೆಯದಿದ್ದರೆ ಮುಗಿಯಿತು. ಕರಾವಳಿಗೆ ಮೂವರು ಸಂಸದರು, ಅವರಲ್ಲಿ ಎರಡು ಪಕ್ಷದವರು ಇದ್ದರೆ ಒಬ್ಬರು ಮಾಡದ ಕೆಲಸವನ್ನು ಇನ್ನೊಬ್ಬರು ಎತ್ತಿ ಕೇಳುತ್ತಾರೆ. ಮತದಾರನ ಮುಂದೆ ಬಾಗಿಲುಗಳು ಹೆಚ್ಚುತ್ತವೆ, ಕಡಿಮೆಯಾಗುವುದಿಲ್ಲ.

ಕಾನೂನಿನ ತೊಡಕು ದೊಡ್ಡದೆಂದು ಹೆದರಿಸುವವರಿದ್ದಾರೆ. 1951-52ರಲ್ಲಿ, 1957ರಲ್ಲಿ ನಮ್ಮ ದೇಶದಲ್ಲಿ ಎಷ್ಟೋ ದ್ವಿಸದಸ್ಯ ಕ್ಷೇತ್ರಗಳಿದ್ದವು. 1961ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿ ಅವನ್ನು ರದ್ದು ಮಾಡಿತು. ಕಾಯ್ದೆಯಿಂದ ಹೋದದ್ದು ಕಾಯ್ದೆಯಿಂದಲೇ ಬರಬಹುದು. 1999ರಲ್ಲಿ ಕಾನೂನು ಆಯೋಗ ತನ್ನ 170ನೇ ವರದಿಯಲ್ಲಿ ಲೋಕಸಭೆಯ ಸ್ಥಾನಗಳನ್ನು ಕಾಲು ಭಾಗ ಹೆಚ್ಚಿಸಿ ಅವುಗಳನ್ನು ಪಕ್ಷಗಳ ಮತದ ಪಾಲಿಗೆ ತಕ್ಕಂತೆ ತುಂಬಬೇಕೆಂದು ಹೇಳಿತು. ಆ ವರದಿಯ ಮೇಲೆ ಧೂಳು ಕೂತು ಕಾಲು ಶತಮಾನ ಕಳೆಯಿತು. ಯಾಕೆ? ಅಧಿಕಾರದಲ್ಲಿದ್ದ ಪ್ರತಿ ಪಕ್ಷಕ್ಕೂ ಈ ಹಳೆಯ ಕ್ರಮದಿಂದಲೇ ಅಧಿಕಾರ ಬಂದಿತ್ತು. ಹತ್ತೂ ಮುಡಿ ಒಳಗೆ ಹಾಕಿಕೊಂಡವರು ತಾವಾಗಿ ನಾಲ್ಕು ಮುಡಿ ಹೊರಗಿಡುವುದಿಲ್ಲ. ಅದನ್ನು ಕೇಳಬೇಕಾದವರು ನಾವು.

ಕೇಳುವ ಹೊತ್ತೂ ಇದೇ. 2026ರ ನಂತರದ ಮೊದಲ ಜನಗಣತಿಯ ಆಧಾರದಲ್ಲಿ ಕ್ಷೇತ್ರಗಳ ಪುನರ್ವಿಂಗಡಣೆ ಎಂಬ ಮಾತು ಬಂದಾಗಿನಿಂದ ದಕ್ಷಿಣದ ರಾಜ್ಯಗಳಲ್ಲಿ ಒಂದೇ ಚರ್ಚೆ: ನಮಗೆ ಎಷ್ಟು ಸ್ಥಾನ ಕಡಿಮೆಯಾಗುತ್ತದೆ, ಅವರಿಗೆ ಎಷ್ಟು ಹೆಚ್ಚಾಗುತ್ತದೆ. ಆ ಭಯ ನ್ಯಾಯವಾದದ್ದು. ಆದರೆ ಗಡಿಗಳನ್ನು ಹೊಸದಾಗಿ ಎಳೆಯುವಾಗ ಎಣಿಸುವ ಕ್ರಮವನ್ನು ಯಾಕೆ ಹೊಸದು ಮಾಡಬಾರದು ಎಂಬ ಪ್ರಶ್ನೆ ಆ ಚರ್ಚೆಯಲ್ಲಿ ನನ್ನ ಕಿವಿಗೆ ಬಿದ್ದಿಲ್ಲ. ಒಮ್ಮೆ ಹಳೆಯ ಅಚ್ಚಿನಲ್ಲೇ ಹೊಸ ಕ್ಷೇತ್ರಗಳನ್ನು ಎರಕ ಹೊಯ್ದರೆ ಮುಂದಿನ ಪೀಳಿಗೆಯೂ ಇದೇ ಸೊನ್ನೆಯೊಂದಿಗೆ ಬದುಕಬೇಕು.

ಆದ್ದರಿಂದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಜನರಲ್ಲಿ ನಾನು ಕೇಳಿಕೊಳ್ಳುವುದು ಇಷ್ಟು. ಮೊದಲು ‘ಭದ್ರಕೋಟೆ’ ಎಂಬ ಮಾತನ್ನು ಬಾಯಿಂದ ಬಿಡಿ. ಅದನ್ನು ಹೇಳಿದಾಗಲೆಲ್ಲ ನೆರೆಮನೆಯವನ ಮತವನ್ನು ಅಳಿಸಿಹಾಕುತ್ತೀರಿ. ಗಾಳಿ ತಿರುಗಿದ ದಿನ ನಿಮ್ಮದೂ ಅಳಿಸಿಹೋಗುತ್ತದೆ. ಮುಂದಿನ ಚುನಾವಣೆಯಲ್ಲಿ ಕೈಮುಗಿದು ಅಂಗಳಕ್ಕೆ ಬರುವ ಪ್ರತಿ ಅಭ್ಯರ್ಥಿಯನ್ನೂ ಒಂದು ಪ್ರಶ್ನೆ ಕೇಳಿ: ಮತದ ಪಾಲಿಗೆ ತಕ್ಕ ಸ್ಥಾನ ಕೊಡುವ ಕಾನೂನಿಗೆ ನೀನು ಕೈ ಎತ್ತುತ್ತೀಯಾ, ಇಲ್ಲವಾ? ಉತ್ತರ ಕೊಡದವನನ್ನು ಮೆಟ್ಟಿಲು ಹತ್ತಿಸಬೇಡಿ. ಪ್ರಾಶಸ್ತ್ಯ ಮತದಿಂದಲೇ ಸದನಕ್ಕೆ ಹೋದ ಪರಿಷತ್ ಸದಸ್ಯರನ್ನು, ರಾಜ್ಯಸಭಾ ಸದಸ್ಯರನ್ನು ಕೇಳಿ: ನಿಮ್ಮನ್ನು ಆರಿಸಿದ ಕ್ರಮ ನಮಗೆ ಯಾಕೆ ಬೇಡ? ಗ್ರಾಮಸಭೆಯಲ್ಲಿ ಈ ಮಾತು ಎತ್ತಿ, ನಿರ್ಣಯ ಬರೆಸಿ. ಕಾಲೇಜುಗಳಲ್ಲಿ ಪಾಠ ಮಾಡುವವರು ಕರಾವಳಿಯ ಮತದ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು ಮಕ್ಕಳಿಂದಲೇ ಭಾಗಾಕಾರ ಮಾಡಿಸಿ. ಅನ್ಯಾಯ ಎಲ್ಲಿದೆಯೆಂದು ಅವರೇ ಹೇಳುತ್ತಾರೆ.

ಅಡಿಕೆ ಹರಡುತ್ತಿದ್ದ ಆ ಹಿರಿಯರು ಅಂದು ಕೊನೆಗೂ ಮತ ಹಾಕಲು ಬರಲಿಲ್ಲ. ಎಂತ ಆಗ್ಲಿಕ್ಕುಂಟು ಎಂಬ ಅವರ ಪ್ರಶ್ನೆ ನನ್ನ ಮೇಲೆ ಸಾಲವಾಗಿ ಉಳಿದಿದೆ. ಪಂಚಾಯತ್ ಕಚೇರಿಯ ಮೇಜಿನ ಮೇಲೆ ಆ ಸದಸ್ಯೆ ಇಟ್ಟುಹೋದ ನೇರಳೆ ಪೆನ್ನನ್ನು ಅವರ ಕೈಗೂ ಕೊಡುವ ಕಾನೂನು ಬರಬೇಕು. ಆ ದಿನ ನಾನು ಮತ್ತೆ ಅವರ ಅಂಗಳಕ್ಕೆ ಹೋಗಿ ಕರೆಯುತ್ತೇನೆ.